ಮೂರು ಸಲ ಕೂಗಿದ ಹೆಸರು

ಯುದ್ಧದಿಂದ ಮರಳಿದ ಸಾರ್ಜೆಂಟ್ ಒಕ್ತಾವ್ ಬ್ರಿಯಾರ್ ನಾನ್ಸಿ ನಗರದ ಪತ್ರಿಕೆಯೊಂದರಲ್ಲಿ ವರದಿಗಾರನಾದ. ಹನ್ನೊಂದು ವರ್ಷ ಊರಿನ ಸುದ್ದಿ ಬರೆದು, ಕೊನೆಗೆ ತನ್ನ ತುಕಡಿಯ ಕಥೆಯನ್ನೇ ಕಾದಂಬರಿ ಮಾಡಿದ. ಅದರಲ್ಲಿ ವೀರರಿರಲಿಲ್ಲ. ಕೆಸರಿತ್ತು, ಹೇನಿತ್ತು, ಹೆದರಿ ಅಳುವ ಗಂಡಸರಿದ್ದರು. ಯಾರ ಹೆಸರನ್ನೂ ಬದಲಿಸಿರಲಿಲ್ಲ. ಪುಸ್ತಕವೇನೋ ಚೆನ್ನಾಗಿ ಖರ್ಚಾಯಿತು. ಗೆಳೆಯರು ಒಬ್ಬೊಬ್ಬರಾಗಿ ದೂರವಾದರು.

ಆ ವರ್ಷವೂ ನವೆಂಬರ್ ಹನ್ನೊಂದರಂದು, ಯುದ್ಧ ನಿಂತ ದಿನದ ನೆನಪಿನ ಊಟಕ್ಕೆ, ಮ್ಯೂಸ್ ನದಿಯ ದಡದ ಹಳ್ಳಿಗೆ ಅವನು ಹೋದ. ತುಕಡಿಯಲ್ಲಿ ಉಳಿದವರೆಲ್ಲ ಆ ಕಡೆಯವರೇ. ಉದ್ದನೆಯ ಮೇಜಿನಲ್ಲಿ ಅವನ ಎಡಬಲಕ್ಕೆ ಯಾರೂ ಕೂರಲಿಲ್ಲ.

"ಬನ್ನಿ ಸಾಹಿತಿಗಳೇ," ಎಂದ ಕಮ್ಮಾರ ಗಾಸ್ಪಾರ್. ಯುದ್ಧದ ಕಂದಕದಲ್ಲಿ ಒಕ್ತಾವ್ ಜೊತೆ ಒಂದೇ ಕಂಬಳಿ ಹೊದ್ದು ಮಲಗಿದ್ದವನು. "ಹುಷಾರು ಕಣ್ರಪ್ಪಾ, ಯಾರೂ ಕೆಮ್ಮಬೇಡಿ. ಕ್ಷಯ ಅಂತ ಬರ್ದುಬಿಟ್ಟಾನು!"

ಎಲ್ಲರೂ ನಕ್ಕರು.

"ನಾನೇನು ಸುಳ್ಳು ಬರ್ದಿದೀನೇನೋ, ಗಾಸ್ಪಾರ್?"

"ಇಲ್ಲ, ಅದೇ ನೀನು ಮಾಡಿದ್ ತಪ್ಪು. ಫಿರ್ಮೆನ್ ನಗ್‌ನಗ್ತಾ ಪ್ರಾಣ ಬಿಟ್ಟ ಅಂತ ನಾವೆಲ್ಲ ಸೇರಿ ಅವನ ಹೆಂಡ್ತಿಗೆ ಹೇಳಿದ್ವಿ. ನೀನು ನೋಡಿದ್ರೆ, ಅವನು ಅತ್ತ ಅಂತ ಅಚ್ಚು ಹಾಕಿಸ್ದೆ."

ಒಕ್ತಾವ್‌ಗೆ ಊಟ ಸೇರಲಿಲ್ಲ. ಎದ್ದು ಹೊರಗೆ ಬಂದರೆ ಫಿರ್ಮೆನ್‌ನ ಹೆಂಡತಿ ಜೆರ್ಮೇನ್ ಬಾಗಿಲಲ್ಲೇ ಕಾಯುತ್ತಿದ್ದಳು. "ಮನೆಗೆ ಬನ್ನಿ ಸಾರ್ಜೆಂಟರೇ," ಎಂದಳು. ಬೈಗುಳಕ್ಕೆ ಸಿದ್ಧನಾಗಿಯೇ ಅವನು ಹಿಂದೆ ನಡೆದ.

ಅವಳು ಅಡುಗೆಮನೆಯಲ್ಲಿ ಕೂರಿಸಿ ಬಿಸಿ ಸೂಪು, ಬ್ರೆಡ್ಡು ಇಟ್ಟಳು.

"ನಗ್ತಾ ಹೋದ್ರು ಅಂತ ಇಷ್ಟು ವರ್ಷ ಕೇಳ್ದೆ. ಅವ್ರು ಹೊರಟ ದಿನ ನಾವಿಬ್ರೂ ಜಗಳ ಆಡಿದ್ವಿ. ಇವಳ ಕಾಟ ತಪ್ತು ಅಂತ ನಕ್ಕಿರ್ಬೇಕು ಅಂದ್ಕೊಂಡಿದ್ದೆ. ನಿಮ್ಮ ಪುಸ್ತಕ ಓದಿದ್ಮೇಲೆ ಗೊತ್ತಾಯ್ತು. ನನ್ನ ಹೆಸರು ಹಿಡಿದು ಮೂರು ಸಲ ಕೂಗಿದ್ರಂತೆ. ನಿಜಾನಾ?"

ಫಿರ್ಮೆನ್ ಅತ್ತದ್ದು ನಿಜ. ಮಧ್ಯಾಹ್ನವೆಲ್ಲ ನೀರು ನೀರು ಎಂದು ಅತ್ತಿದ್ದ. ಕೊನೆಗಳಿಗೆಯಲ್ಲಿ ಒಕ್ತಾವ್ ಒಬ್ಬನೇ ಪಕ್ಕದಲ್ಲಿದ್ದ. ಫಿರ್ಮೆನ್ ಯಾರ ಹೆಸರನ್ನೂ ಕೂಗಿರಲಿಲ್ಲ. ಬರೆಯುವಾಗ ಆ ಪುಟ ತೀರಾ ಬರಿದೆನಿಸಿ, ಆ ಕೂಗನ್ನು ಒಕ್ತಾವ್ ಸೇರಿಸಿದ್ದ. ಇಡೀ ಪುಸ್ತಕದಲ್ಲಿ ಅವನು ಕಟ್ಟಿದ ಸುಳ್ಳು ಅದೊಂದೇ.

"ನಿಜ," ಎಂದ. "ಕಿವಿಯಾರೆ ಕೇಳಿದೀನಿ."

"ಮೂರು ಸಲಾನೂ?"

"ಮೂರು ಸಲಾನೂ."

ಅವಳು ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಮನೇಲಿ ಒಂದ್ ದಿನಾನಾದ್ರೂ ಹೆಸರು ಹಿಡಿದು ಕರೆದೋರಲ್ಲ, ಪುಣ್ಯಾತ್ಮ! ತಿನ್ನಿ, ಆರಿಹೋಗತ್ತೆ."

ಸ್ಟೇಷನ್ನಿನ ದಾರಿಯಲ್ಲಿ, ಊಟ ನಡೆದಿದ್ದ ಸಭಾಭವನದೊಳಗಿನ ಹಾಡು ಕೇಳಿಸಿತು. ಒಕ್ತಾವ್ ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. ಒಳಗೆ ಹೋಗಿ, ನಾನೂ ಸುಳ್ಳು ಬರೆದಿದ್ದೇನೆ ಕಣ್ರೋ ಎಂದರೆ ಸಾಕಿತ್ತು. ಗಾಸ್ಪಾರ್ ಬೆನ್ನು ತಟ್ಟಿ ಪಕ್ಕದಲ್ಲಿ ಜಾಗ ಕೊಡುತ್ತಿದ್ದ. ಆದರೆ ಸಂಜೆಯೊಳಗೆ ಆ ಮಾತು ಜೆರ್ಮೇನಳ ಅಡುಗೆಮನೆ ಮುಟ್ಟುತ್ತಿತ್ತು. ಅವನು ಕೈ ಹಿಂದೆಗೆದುಕೊಂಡ.

ಪತ್ರಿಕೆಯ ವರದಿಯನ್ನು ರೈಲಿನಲ್ಲೇ ಬರೆದು ಮುಗಿಸಿದ: ಎಷ್ಟು ಜನ ಸೇರಿದ್ದರು, ಮೇಯರ್ ಏನೆಂದರು. ನಾನ್ಸಿ ತಲುಪುವವರೆಗೂ ಅವನ ಬೋಗಿಗೆ ಬೇರೆ ಯಾರೂ ಹತ್ತಲಿಲ್ಲ.