ಹಾಲಿನ ಮಾಫಿ

"ಏಳು ಖಾಲಾ, ಬಿಸಲು ಏರಾಕತ್ತದ. ಮೌಲಾನಾ ಬಂದು ಕುಂತಾರ," ಎನ್ನುತ್ತ ಮದೀನಾಬೀ ಮುದುಕಿಯ ತೋಳು ಹಿಡಿದು ಎಳೆದಳು. ಅನ್ವರಬಿ ಕೂತಲ್ಲಿಂದ ಅಲುಗಲಿಲ್ಲ.

ಎರಡು ಮನೆ ಆಚೆ, ಮದೀನಾಬೀಯ ತಮ್ಮ ನಸೀರುದ್ದೀನನ ಹೆಣಕ್ಕೆ ಸ್ನಾನ ಮಾಡಿಸಿ ಕಫನು ಹೊದಿಸಿ ಆಗಿತ್ತು. ದಿಲ್ಲಿಯಲ್ಲಿ ಎದೆನೋವಿನಿಂದ ಸತ್ತವನನ್ನು, ಅವನೇ ಹೇಳಿಟ್ಟಿದ್ದಂತೆ, ಹೈದರಾಬಾದಿನವರೆಗೆ ವಿಮಾನದಲ್ಲಿ, ಅಲ್ಲಿಂದ ಹುಟ್ಟೂರು ಸಗರಕ್ಕೆ ಆಂಬ್ಯುಲೆನ್ಸಿನಲ್ಲಿ ತಂದಿದ್ದರು. ಮೊಲೆಹಾಲು ಕೊಟ್ಟವಳು ಋಣ ಬಿಟ್ಟು 'ಹಾಲು ಮಾಫ್ ಮಾಡೀನಿ' ಎನ್ನುವ ತನಕ ಹೆಣದ ಮಂಚ, ಜನಾಜಾ, ಎತ್ತಬಾರದು ಎಂಬುದು ಈ ಓಣಿಯ ರೂಢಿ. ನಸೀರುದ್ದೀನನ ತಾಯಿ ಅವನನ್ನು ಹೆತ್ತ ವಾರದಲ್ಲೇ ತೀರಿಕೊಂಡಿದ್ದಳು. ಹಾಲು ಕುಡಿಸಿ ಉಳಿಸಿಕೊಂಡವಳು ಅನ್ವರಬಿ.

"ನಾ ಮಾಫ್ ಅಂದ್ರ ನನ್ನ ಮಗನೂ ಅಂದಂಗ ಆಗ್ತದ," ಅಂದಳು ಅನ್ವರಬಿ. "ಮೊದಲ ಅಕ್ರಮನ್ನ ಕೇಳು."

ಅಕ್ರಮ ಅಂಗಳದಲ್ಲಿ ಯಾರದೋ ಬೋರಿನ ಮೋಟರು ಬಿಚ್ಚಿಕೊಂಡು ಕೂತಿದ್ದ. ಇಂಥ ದಿನವೂ ಕೆಲಸ ಹಿಡಿದವನನ್ನು ಕಂಡು ಮದೀನಾಬೀಗೆ ಸಿಟ್ಟೂ ಬಂತು, ಅಳುವೂ ಬಂತು.

"ಎಷ್ಟರ ಸಿಟ್ಟಿರ್ಲಿ ನಿನಗ. ಇವತ್ತೊಂದಿನ ನಿಮ್ಮವ್ವನ್ನ ಕಳಿಸಪ್ಪಾ."

"ನಾ ಏನ್ ಕಟ್ಟಿಹಾಕೀನೇನು? ಹಾಲು ಆಕಿದು, ಬೇಕಾದ್ದು ಮಾಡ್ಲಿ," ಅಂದ ಅವನು, ತಲೆ ಎತ್ತದೆ. "ನನ್ನ ಒಂಬತ್ತು ವರ್ಷದ ಮಾಫಿ ಮಾತ್ರ ಕೇಳಬ್ಯಾಡ್ರಿ."

*

ನಸೀರುದ್ದೀನ ಮಾಡುತ್ತಿದ್ದ ಕೆಲಸವೇನೆಂದು ಸಗರದಲ್ಲಿ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಭಯೋತ್ಪಾದನೆ ತಡೆಯುವ ಸಾಹೇಬ ಎಂದು ಕೇಳಿದವರು ಅವನು ಊರಿಗೆ ಬಂದಾಗ ಸೊಂಟದಲ್ಲಿ ಪಿಸ್ತೂಲು ಹುಡುಕುತ್ತಿದ್ದರು. ಇದ್ದದ್ದು ಜೇಬಿನಲ್ಲಿ ಒಂದು ಕನ್ನಡಕದ ಡಬ್ಬಿ. ಶಹಾಪುರದ ಕಾಲೇಜಿನಿಂದ ಕಲಬುರಗಿಗೆ, ಅಲ್ಲಿಂದ ದಿಲ್ಲಿಗೆ ಓದುತ್ತ ಹೋದವನು, ಗಡಿಯಾಚೆಯ ಸಂಘಟನೆಗಳ ಬಲೆಗೆ ಹುಡುಗರು ಹೇಗೆ ಬೀಳುತ್ತಾರೆ, ಬೀಳದಂತೆ ಏನು ಮಾಡಬೇಕು ಎಂದು ಬರೆದ. ಸರ್ಕಾರ ಅವನ ಸಲಹೆ ಕೇಳತೊಡಗಿತು. ಜಿನೀವಾ, ವಿಯೆನ್ನಾ ಎಂದು ಸಭೆಗಳಿಗೆ ಕಳಿಸಿತು. ಮದುವೆಗೆ ಪುರುಸೊತ್ತಾಗಲಿಲ್ಲ. ಟೀವಿಯಲ್ಲಿ ಬಂದಾಗ ಓಣಿಯೆಲ್ಲ ನೋಡುತ್ತಿತ್ತು, ಇಂಗ್ಲಿಷು ತಿಳಿಯದೆ ಅವನ ಕೋಟಿನ ಬಗ್ಗೆಯೇ ಮಾತಾಡಿಕೊಳ್ಳುತ್ತಿತ್ತು.

ಆಗ ಅಕ್ರಮನನ್ನು ಪೊಲೀಸರು ಹಿಡಿದುಕೊಂಡು ಹೋದರು. ಅವನು ರಿಪೇರಿ ಮಾಡಿ ಮಾರಿದ್ದ ಹಳೆಯ ಮೊಬೈಲೊಂದು ದೂರದ ಊರಿನ ಬಾಂಬಿನ ಕೇಸಿನಲ್ಲಿ ಸಿಕ್ಕಿತ್ತು. ಅನ್ವರಬಿ ಯಾದಗಿರಿಯಲ್ಲಿ ರೈಲು ಹತ್ತಿ ದಿಲ್ಲಿಗೆ ಹೋದಳು. ನಸೀರುದ್ದೀನ ಸ್ಟೇಶನ್ನಿಗೆ ಬಂದು ಕರೆದೊಯ್ದ, ಕೈಯಾರೆ ಚಹಾ ಮಾಡಿಕೊಟ್ಟ.

"ಛಲೋ ವಕೀಲನ್ನ ಹಿಡಿದೀನಿ ಖಾಲಾ."

"ವಕೀಲ ಇರ್ಲಿ. ನೀ ಕೋರ್ಟಿಗಿ ಬಾ. ಇಂವ ನನ್ನ ಹಾಲಿನ ತಮ್ಮ, ಹುಟ್ಟಿದಾಗಿಂದ ಬಲ್ಲೆ ಅನ್ನು. ಅಷ್ಟ ಸಾಕು ನನಗ."

ಅವನು ಚಹಾದ ಕಪ್ಪು ಕೆಳಗಿಟ್ಟ. "ಅಲ್ಲಿ ಸರ್ಕಾರದ ಸಭೆಯಾಗ ಮೇಜಿನ ಸುತ್ತ ನನ್ನಂಥ ಹೆಸರಿನಾಂವ ನಾ ಒಬ್ಬನ. ಬರೇ ಸಂಶಯದ ಮ್ಯಾಲೆ ಹುಡುಗರನ್ನ ವರ್ಷಗಟ್ಟಲೆ ಒಳಗ ಇಡಬ್ಯಾಡ್ರಿ ಅಂತ ಬಡಕೊಳ್ಳಾಂವ ನಾನ. ಆರೋಪಿ ನನ್ನ ತಮ್ಮ ಅಂದ ದಿವಸ ನನ್ನ ಮಾತಿಗಿ ಕಿಮ್ಮತ್ತ ಇರಂಗಿಲ್ಲ. ಆಮ್ಯಾಲೆ ಆ ಮಾತು ಹೇಳಾಕ ಅಲ್ಲಿ ಯಾರೂ ಇರಂಗಿಲ್ಲ ಖಾಲಾ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅನ್ವರಬಿಯ ಹೊಟ್ಟೆ ಉರಿಸಿದ್ದೇ ಅದು. ಸುಳ್ಳು ಹೇಳಿದ್ದರೆ ಬಾಯಿಗೆ ಬಂದಂತೆ ಬೈದಾದರೂ ಬರಬಹುದಿತ್ತು.

ಒಂಬತ್ತು ವರ್ಷದ ಮೇಲೆ ಅಕ್ರಮ ನಿರ್ದೋಷಿಯೆಂದು ಜೈಲಿನಿಂದ ಹೊರಬಂದಾಗ ಅವನಿಗೆ ಗೊತ್ತುಮಾಡಿದ್ದ ಹುಡುಗಿಗೆ ಬೇರೆ ಕಡೆ ಎರಡು ಮಕ್ಕಳಾಗಿದ್ದವು. ನಸೀರುದ್ದೀನ ಫೋನು ಮಾಡಿದ. ಅಕ್ರಮ ಅವತ್ತು ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

*

ಕೊನೆಗೆ ಅನ್ವರಬಿ ಎದ್ದಳು. ಮಗನ ಹೆಗಲು ಹಿಡಿದು ನಡೆದು ಬಂದು ಹೆಣದ ತಲೆಯ ಹತ್ತಿರ ಕೂತಳು.

"ಎಷ್ಟು ಬಡವಾಗ್ಯಾನ," ಅಂದಳು. "ಹಾಲು ಮಾಫ್ ಮಾಡೀನಿ ಬೇಟಾ."

ಮುಂದೆ ಇನ್ನೇನೋ ಹೇಳಹೋಗಿ ಸೆರಗು ಬಾಯಿಗಿಟ್ಟುಕೊಂಡಳು. ಜನಾಜಾ ಎದ್ದಿತು. ತಾಯಿಯನ್ನು ಬಿಡಲು ಬಂದಿದ್ದ ಅಕ್ರಮ, ಯಾರೂ ಕರೆಯದೆ, ಜನರ ಹಿಂದೆ ಹಾಗೇ ನಡೆದ.

ನಮಾಜಿಗೆ ಮೊದಲು ಮೌಲಾನಾ, "ಇವರು ಯಾರ ಮನಸ್ಸರ ನೋಯಿಸಿದ್ರ ಅಲ್ಲಾನ ವಾಸ್ತೆ ಮಾಫ್ ಮಾಡ್ರಿ," ಅಂದರು. "ಮಾಫ್ ಮಾಡೀವಿ," ಎಂದರು ಎಲ್ಲರೂ. ಹಿಂದಿನ ಸಾಲಿನಲ್ಲಿದ್ದ ಅಕ್ರಮನ ತುಟಿ ಅಲುಗಲಿಲ್ಲ.

ನಮಾಜು ಮುಗಿದ ಮೇಲೆ, ದೂರ ನಿಂತಿದ್ದ ಹಿರಿಯರೊಬ್ಬರು ತೋಡಿದ್ದ ಕಬರಿನ ಹತ್ತಿರ ಬಂದು ಅಕ್ರಮನ ಪಕ್ಕದಲ್ಲಿ ನಿಂತರು. ರಂಗಂಪೇಟೆಯ ಭಗವಂತರಾಯರು, ದಿಲ್ಲಿಯಲ್ಲಿ ನಸೀರುದ್ದೀನನ ಕಚೇರಿಯಲ್ಲೇ ಇದ್ದು ನಿವೃತ್ತರಾದವರು.

"ಭಾಳ ದೊಡ್ಡ ಮನುಷ್ಯಾರಿ," ಅಂದರು. "ಇವರು ಹಟ ಹಿಡಿದು ಕೂತಿದ್ದಕ್ಕ ಎಷ್ಟೋ ಹುಡುಗರು ಜೈಲಿನಿಂದ ಮನೀಗಿ ಬಂದ್ರು."

"ಖರೇನ ಬಂದ್ರೇನ್ರಿ?"

"ಬಂದ್ರು. ನಾನ ಕಣ್ಣಾರೆ ನೋಡೀನಿ."

ಅಕ್ರಮ ಕಬರಿನ ಕಡೆ ತಿರುಗಿದ. ಅವರೆಲ್ಲ ಮನೆಗೆ ಬರುವಾಗ ನಾನು ಒಳಗಿದ್ದೆ ಎಂದು ಈ ಸಜ್ಜನನಿಗೆ ಹೇಗೆ ಹೇಳುವುದು?

"ಇಳಿಸಿಕೊಳ್ಳಾಕ ಹತ್ತಿರದಾವ್ರು ಒಬ್ಬರು ಒಳಗ ಬರ್ರಿ," ಎಂದು ಮೌಲಾನಾ ಕರೆದರು. ಪರವೂರಿನಿಂದ ಹೊಸದಾಗಿ ಬಂದವರು ಅವರು. "ಮಗ, ತಮ್ಮ, ಯಾರಿದ್ದಾರ?"

"ತಮ್ಮಂದಿರು ಯಾರೂ ಇಲ್ರಿ," ಅಂದರು ಭಗವಂತರಾಯರು. "ನನ್ನ ಮುಂದ ಸ್ವತಾ ಅವರ ಹೇಳಿದ್ರು."

ಸಗರದವರೆಲ್ಲ ನೆಲ ನೋಡಿದರು. ಅಕ್ರಮ ಚಪ್ಪಲಿ ಬಿಟ್ಟು ಕಬರಿನ ಗುಂಡಿಗೆ ಇಳಿದ.

ಜೊತೆಗಿಳಿದ ಇಬ್ಬರು ಹೆಣ ಇಳಿಸಿ ಮೇಲೆ ಹತ್ತಿದರು. ಅವನು ಕಫನಿನ ಗಂಟು ಬಿಚ್ಚಿ, ಮುಖ ಪಶ್ಚಿಮಕ್ಕೆ ಹೊರಳಿಸಿ, ಬೆನ್ನಿಗೆ ಮಣ್ಣಿನ ಹೆಂಟೆ ಕೊಟ್ಟ.

"ಸಾಕು, ಮ್ಯಾಲೆ ಬಾ," ಎಂದು ಮೌಲಾನಾ ಕೈ ಚಾಚಿದರು.

ಅಕ್ರಮ ಏಳಲಿಲ್ಲ. ಸತ್ತವನ ಕೆನ್ನೆಯ ಮೇಲೆ ಕೈ ಇಟ್ಟು ಅಲ್ಲೇ ಕೂತುಬಿಟ್ಟ.

"ಒಂದ್ ಸಲ ಬಂದಿದ್ರ ಆಗಿತ್ತಲ್ಲೋ ಭಾಯಿ," ಅಂದ. "ಬಿಡಿಸೋದು ಬ್ಯಾಡಾಗಿತ್ತು. ಕೋರ್ಟಿನ ಬಾಗಲ್ದಾಗ ಬಂದು ನಿಂತಿದ್ರ ಸಾಕಿತ್ತು."

ಬದುಕಿದ್ದವನು ಒಳಗಿರುವಾಗ ಕಬರಿನ ಮೇಲೆ ಪರಸಿ ಕಲ್ಲು ಮುಚ್ಚುವಂತಿರಲಿಲ್ಲ. ಸುತ್ತ ನಿಂತ ಜನ ಮುಷ್ಟಿಯಲ್ಲಿ ಕರಿಮಣ್ಣು ಹಿಡಿದುಕೊಂಡು ಬಿಸಿಲಲ್ಲಿ ಕಾಯುತ್ತಿದ್ದರು.