ದೀಕ್ಷಾಸ್ನಾನದ ಬಕೆಟ್ಟು

"ಬಾಗಿಲ ಹತ್ರನೇ ಕೂತ್ಕೊಳ್ಳೇ ದರಿದ್ರದವ್ಳೆ, ಫ್ಯಾನಿನ ಕೆಳಗೆ ಬರ್ಬೇಡ! ನಿನ್ನ ನಾತ ಇಡೀ ಸಭೆಗೆ ಹಂಚ್ತೀಯಾ?"

ಹೀಗೆ ಅಬ್ಬರಿಸಿದ ಚರ್ಚಿನ ಸಭೆಯ ಹಿರಿಯನೆಂದರೆ ತೊಗಲು ಹದಮಾಡುವ ಕಾರ್ಖಾನೆಯ ಧಣಿಯೇ. ವಾರದ ಆರು ದಿನ ಇದೇ ನಾತ ಅವನ ಮನೆ ನಡೆಸುತ್ತದೆ. ಏಳನೆಯ ದಿನ ಮಾತ್ರ ಮೂಗಿಗೆ ಕರ್ಚೀಫು ಬರುತ್ತದೆ. ಬೈಸಿಕೊಂಡವಳನ್ನು ಎಲ್ಲರೂ ಕರೆಯುವುದು ಸುಣ್ಣದವಳು ಎಂದು. ಸುಣ್ಣದ ಗುಂಡಿಯಲ್ಲಿ ನೆನೆದ ಹಸಿ ಚರ್ಮ ಎತ್ತಿ ಕೂದಲು ಕೆರೆಯುವುದು ಅವಳ ಕೆಲಸ. ಬೆಳಗ್ಗೆ ಮೂರು ಸಲ ಸೋಪು ಹಾಕಿ ತಿಕ್ಕಿಕೊಂಡು ಬಂದಿದ್ದಳು. ಸೋಪಾದರೂ ಏನು ಮಾಡೀತು, ಪಾಪ.

ಮಡಿಲಲ್ಲಿ ನಾಲ್ಕು ತಿಂಗಳ ಮಗಳು. ಇವತ್ತು ಅದಕ್ಕೆ ದೀಕ್ಷಾಸ್ನಾನ. ಸುಣ್ಣದವಳಿಗೂ, ಅವಳ ಗಂಡನಿಗೂ, ದೊಡ್ಡ ಮಗನಿಗೂ ಆದದ್ದು ಹೊರಗಿನ ಜಗಲಿಯಲ್ಲಿ, ಬಕೆಟ್ಟಿನ ನೀರಿನಲ್ಲಿ. ಕಾರ್ಖಾನೆಯ ಆಳುಗಳಿಗೆಲ್ಲ ಹಾಗೇ. ಒಳಗಿನ ಕಲ್ಲಿನ ಬಟ್ಟಲು ದೊಡ್ಡವರ ಮಕ್ಕಳಿಗೆ. ಈ ಕೂಸಿಗಾದರೂ ಒಳಗೇ ಆಗಬೇಕೆಂದು ಅವಳು ಹಟ ಹಿಡಿದಿದ್ದಳು. ಪಾದ್ರಿ "ನೋಡೋಣಮ್ಮ" ಅಂದಿದ್ದ.

ಈಗಷ್ಟೇ ಬಟ್ಟಲಿನಲ್ಲಿ ಧಣಿಯ ಮೊಮ್ಮಗನದು ಮುಗಿಯಿತು. ಸಭೆ ಚಪ್ಪಾಳೆ ತಟ್ಟಿತು. ಅವಳು ಮಗುವನ್ನೆತ್ತಿಕೊಂಡು ಎದ್ದದ್ದೇ ತಡ, ಪಾದ್ರಿ ಬಾಗಿಲವರೆಗೆ ಓಡಿಬಂದ.

"ಕೂತ್ಕೋಮ್ಮ, ಕೂತ್ಕೋ. ಆರಾಧನೆ ಮುಗಿದ್ಮೇಲೆ ಜಗಲೀಲಿ ಮಾಡ್ಕೊಡ್ತೀನಿ. ಬಕೆಟ್ ಇಡ್ಸಿದೀನಿ."

"ಬಟ್ಟಲಲ್ಲಿ ನೀರು ಇನ್ನೂ ಇದ್ಯಲ್ಲ ಅಯ್ನೋರೆ?"

"ಎಲ್ಲಾ ಒಂದೇ ನೀರು ತಾಯಿ. ದೇವರು ಭೇದ ಮಾಡಲ್ಲ."

"ಹಂಗಾದ್ರೆ ಧಣಿ ಮೊಮ್ಮಗನ್ನೂ ಬಕೆಟ್ಟಿಗೇ ಅದ್ಬೇಕಿತ್ತು."

"ಬಾಯ್ಮುಚ್ಚೇ ಮುಂಡೇದೆ," ಎಂದು ಪಕ್ಕದಲ್ಲಿದ್ದ ಅತ್ತೆ ಅವಳ ತೊಡೆ ಚಿವುಟಿದಳು. "ನಾಳೆ ಕೆಲ್ಸಕ್ಕೆ ಹೋಗೋದು ಬೇಡ್ವಾ?"

ಪಾದ್ರಿ ವೇದಿಕೆ ಹತ್ತಿ ದನಿ ನಡುಗಿಸಿದ. ಆ ನಡುಕ ಅವನಿಗೆ ಕರಗತ.

"ಪ್ರಿಯರೇ, ದೇವರ ಪ್ರೀತಿ ಈ ಕ್ಷಣ ಇಲ್ಲಿ ಇಳೀತಾ ಇದೆ! ಆತ ನಿಮ್ಮನ್ನ ಮುಟ್ತಾ ಇದಾನೆ! ಕೈ ಎತ್ತಿ, ಕಣ್ಣು ಮುಚ್ಚಿ. ನಾನು ಹೇಳೋ ತನಕ ಯಾರೂ ಕಣ್ಣು ತೆಗೀಬಾರ್ದು!"

ಕೈಗಳು ಎದ್ದವು. ಕೀಬೋರ್ಡು ಗುಂಯ್‌ಗುಟ್ಟಿತು. ಮುಂದಿನ ಬೆಂಚಿನಲ್ಲಿ ಧಣಿಯ ಹೆಂಡತಿ ಬಿಕ್ಕಿ ಬಿಕ್ಕಿ ಅತ್ತಳು. ಅವಳನ್ನು ದೇವರು ಪ್ರತಿ ಭಾನುವಾರ ಸರಿಯಾಗಿ ಹತ್ತೂವರೆಗೆ ಮುಟ್ಟುತ್ತಿದ್ದ.

ಸುಣ್ಣದವಳೂ ಕಣ್ಣು ಮುಚ್ಚಿದಳು. ದೇವರು ಅವಳಿಗೇನೂ ಹೊಸಬನಲ್ಲ. ಗುಂಡಿಯಲ್ಲಿ ಮೊಣಕಾಲಿನ ತನಕ ನಿಂತು ಬೆರಳ ಸಂದಿ ಉರಿದಾಗಲೆಲ್ಲ ಅವನ ಜೊತೆ ಮಾತಾಡುತ್ತಿದ್ದಳು. ಕೆಲವು ಸಲ ಚೆನ್ನಾಗಿ ಬೈಯುತ್ತಿದ್ದಳು. ಅವನು ಅಲ್ಲಿಗೆ ಬಂದು ಕೂರುತ್ತಾನೆಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಒಂದು ದಿನವೂ ಮೂಗು ಮುಚ್ಚಿಕೊಂಡವನಲ್ಲ. ಅಂಥವನನ್ನು ಹಿಡಿದು ಇವರು ಬಟ್ಟಲಿನ ಕಾವಲಿಗೆ ನಿಲ್ಲಿಸಿಕೊಂಡಿದ್ದಾರಲ್ಲ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಕಣ್ಣು ತೆರೆದಳು. ಇಡೀ ಸಭೆಯಲ್ಲಿ ಕಣ್ಣು ಬಿಟ್ಟಿದ್ದವರು ಇಬ್ಬರೇ, ಅವಳು ಮತ್ತು ಮಗು. ಎತ್ತಿದ ಕೈಗಳ ನಡುವೆ ಕಲ್ಲಿನ ಬಟ್ಟಲಿನತ್ತ ನೆಟ್ಟಗೆ ನಡೆದಳು. ಅವಳು ದಾಟಿದಂತೆ ಸಾಲಿನಿಂದ ಸಾಲಿಗೆ ಮೂಗುಗಳು ಸುಕ್ಕಾದವು. ಕಣ್ಣು ಮಾತ್ರ ಯಾರೂ ತೆರೆಯಲಿಲ್ಲ, ಅಪ್ಪಣೆಯಾಗಿರಲಿಲ್ಲವಲ್ಲ.

ಒಂದೇ ಕೈಯಲ್ಲಿ ಮೂರು ಸಲ ನೀರೆತ್ತಿ ಮಗುವಿನ ನೆತ್ತಿಗೆ ಸುರಿದಳು. "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ!" ಎಂದು ಗಟ್ಟಿಯಾಗಿಯೇ ಹೇಳಿದಳು. ಮಗು ಕಿಟಾರನೆ ಚೀರಿತು. ಪಾದ್ರಿಯ ಅಪ್ಪಣೆಗೆ ಆಮೇಲೆ ಯಾರೂ ಕಾಯಲಿಲ್ಲ.

"ಎಳೆದ್ಹಾಕ್ರೋ ಈ ಲೌಡೀನ!" ಧಣಿ ಎದ್ದು ನಿಂತ. "ನಾಳೆಯಿಂದ ಗುಂಡಿ ಕಡೆ ಮುಖ ಹಾಕ್ಬೇಡ ಕಣೇ!"

"ನೀನೇ ಇಳಿಯಪ್ಪ ಗುಂಡಿಗೆ."

"ಇದು ಸಲ್ಲಲ್ಲಮ್ಮ, ಸಲ್ಲಲ್ಲ! ನಿಂಗೆ ಅಧಿಕಾರ ಇಲ್ಲ," ಎಂದು ಪಾದ್ರಿ ಬಡಬಡಿಸಿದ.

ಎಳೆದುಹಾಕಲು ಯಾರೂ ಮುಂದೆ ಬರಲಿಲ್ಲ. ಎಳೆಯಬೇಕೆಂದರೆ ಮುಟ್ಟಬೇಕಲ್ಲ.

ಸುಣ್ಣದವಳು ಮುಂದಿನ ಬೆಂಚಿನಲ್ಲಿ ಕುಳಿತಳು. ಧಣಿಯ ಹೆಂಡತಿ ಅಳುವನ್ನು ಅರ್ಧಕ್ಕೇ ಬಿಟ್ಟು, ಸೀರೆ ಸೆಳೆದುಕೊಂಡು ಹಾರಿ ಎದ್ದಳು. ಖಾಲಿಯಾದ ಜಾಗಕ್ಕೂ ಹರಡಿ ಕೂತು, ಮಗುವಿನ ಒದ್ದೆ ತಲೆ ಒರೆಸಿ ಎದೆಗೆ ಹಚ್ಚಿಕೊಂಡು, ಸುಣ್ಣದವಳು ತಲೆಯೆತ್ತಿದಳು.

"ಹ್ಞೂ, ಹೇಳಿ ಅಯ್ನೋರೆ. ದೇವರ ಪ್ರೀತಿ ಇಳೀತಾ ಇತ್ತಲ್ಲ, ಎಲ್ಲೀತನಕ ಬಂತು?"