ಸಿಮೋನನ ಗಂಟು

ಶುಭ ಶುಕ್ರವಾರದ ಆ ಬೆಳಿಗ್ಗೆ ಮೋಡ ಕವಿದಿತ್ತು, ಗಾಳಿ ಮಾತ್ರ ಒಂದಿಷ್ಟೂ ಇರಲಿಲ್ಲ. ರಾತ್ರಿ ನಾಲ್ಕು ಹನಿ ಉದುರಿಸಿ ಹೋದ ಮಳೆಗೆ ಶ್ರೀಗಂಧದ ಕಾವಲು ಬಡಾವಣೆಯ ಮಣ್ಣು ನೆನೆದಿರಲಿಲ್ಲ, ಬರಿದೆ ಬೆವರಿತ್ತು. ಬಿಸಿಲಿಲ್ಲದಿದ್ದರೂ ಡಾಂಬರು ಬರಿಗಾಲಿಗೆ ಬೆಚ್ಚಗೆ ತಗಲುತ್ತಿತ್ತು.

ಚರ್ಚಿನ ಅಂಗಳದಲ್ಲಿ ಜ್ಞಾನಮ್ಮ ಕಿಜಿಟೊನಿಗಾಗಿ ಒಂದು ಗಂಟು ಕಟ್ಟುತ್ತಿದ್ದಳು. ಕಿಜಿಟೊ ಉಗಾಂಡಾ ದೇಶದವನು. ನಾಗರಬಾವಿಯ ಕಾಲೇಜಿನಲ್ಲಿ ಓದಲು ಬಂದು, ಜ್ಞಾನಮ್ಮನ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಹೊಸದರಲ್ಲಿ ಬೀದಿಯ ಹುಡುಗರು "ಏನ್ ಗುರು, ವೆಸ್ಟ್ ಇಂಡೀಸ್ ಟೀಮಾ?" ಎಂದು ಕೂಗುತ್ತಿದ್ದರು. ಬಸ್ಸು ತುಂಬಿದ್ದರೂ ಅವನ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಒಂದು ಭಾನುವಾರ ಚರ್ಚಿನ ಪೂಜೆಯ ಗಂಟೆ ಕೇಳಿ ಅವನು ಮನೆಯ ಮೆಟ್ಟಿಲ ಮೇಲೆ ನಿಂತು ಶಿಲುಬೆಯ ಗುರುತು ಹಾಕಿಕೊಂಡದ್ದನ್ನು ಜ್ಞಾನಮ್ಮ ಕಂಡಳು.

"ನೀನೂ ನಮ್ಮೋನೇನಪ್ಪಾ? ಇಷ್ಟ್ ದಿನ ಬಾಯ್ ಬಿಡ್ಬಾರ್ದಾಗಿತ್ತಾ? ಬಾ, ಬಾ" ಎಂದು ಕೈ ಹಿಡಿದು ಚರ್ಚಿಗೆ ಕರೆದೊಯ್ದಳು.

ಆಗಿನ್ನೂ ಕನ್ನಡ ತಿಳಿಯದಿದ್ದರೂ ಎಲ್ಲಿ ಮೊಣಕಾಲೂರಬೇಕು, ಎಲ್ಲಿ ಏಳಬೇಕು ಎಂಬುದು ಅವನಿಗೆ ತಿಳಿದಿತ್ತು. ಇಷ್ಟು ದೊಡ್ಡ ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದ ಜಾಗ ಅದೊಂದೇ.

ಈ ವರ್ಷ, ಯೇಸುವಿನ ಕೊನೆಯ ನಡಿಗೆಯನ್ನು ಹದಿನಾಲ್ಕು ಸ್ಥಳಗಳಾಗಿ ಬೀದಿಯಲ್ಲಿ ಆಡಿ ತೋರಿಸುವ ಶಿಲುಬೆ ಹಾದಿಯಲ್ಲಿ ಅವನಿಗೊಂದು ಪಾತ್ರವನ್ನೂ ಕೊಟ್ಟಿದ್ದರು. ಶಿಲುಬೆ ಹೊತ್ತ ಯೇಸು ಸೋತು ಕುಸಿದಾಗ, ಹೊಲದಿಂದ ಬರುತ್ತಿದ್ದ ಸಿಮೋನನೆಂಬ ಬೇರೆ ಸೀಮೆಯವನನ್ನು ಸೈನಿಕರು ಜನರ ನಡುವಿನಿಂದ ಎಳೆದು ಅದನ್ನು ಹೊರಿಸುತ್ತಾರೆ. ಅದು ಐದನೆಯ ಸ್ಥಳ. ಆ ಸಿಮೋನನ ಪಾತ್ರ ಕಿಜಿಟೊನದು.

"ಹೊಲದಿಂದ ಬರೋನು ಬರಿಗೈಲಿ ಬರ್ತಾನಾ?" ಎಂದು ಜ್ಞಾನಮ್ಮ ಹಳೆಯ ಸೀರೆಯ ತುಂಡಿನಲ್ಲಿ ಅವನ ಒಗೆದ ಅಂಗಿ, ಅವನ ತಾಯಿ ಕೊಟ್ಟಿದ್ದ ಹಾಡಿನ ಪುಸ್ತಕ, ಉಪವಾಸ ಬಿಡಲೆಂದು ಒಂದು ಹಿಡಿ ಕಡಲೆಕಾಯಿ ಇಟ್ಟು ಬಿಗಿದಳು.

"ಬಿಚ್ಚಲ್ಲಾ ಅಮ್ಮಾ?"

"ನಾನ್ ಕಟ್ಟಿರೋದು ಕಣೋ. ನೀನ್ ಬಿದ್ರೂ ಅದು ಬಿಚ್ಚಲ್ಲ."

ಮಾಗಡಿ ರಸ್ತೆಯ ತಿರುವಿನಲ್ಲಿ ಯೇಸುವಿನ ಪಾತ್ರದ ಇನ್ನಾಸಪ್ಪ, ವೈರಿಂಗ್ ಕೆಲಸದವನು, ಶಿಲುಬೆಯೊಡನೆ ಕುಸಿದ. ಹಾಡು ಹೇಳುತ್ತಿದ್ದ ಮೈಕಿನ ಆಟೋ ಆಗಲೇ ಮುಂದಿನ ಬೀದಿಗೆ ಹೊರಳಿತ್ತು. ಅಡ್ಡ ಬಂದು ನಿಂತ ಬಸ್ಸೊಂದು ಇನ್ನಾಸಪ್ಪನನ್ನೂ ಶಿಲುಬೆಯನ್ನೂ ಹಿಂದೆ ಬರುತ್ತಿದ್ದ ಚರ್ಚಿನ ಜನರನ್ನೂ ಮರೆಮಾಡಿತು. ಸೈನಿಕರಾಗಿದ್ದ ಹುಡುಗರು "ಹಿಡೀರೋ ಇವನನ್ನ!" ಎಂದು ಕಿಜಿಟೊನ ಕತ್ತಿನಪಟ್ಟಿಗೆ ಕೈ ಹಾಕಿ, ನಾರಿನ ಚಾವಟಿ ಬೀಸಿದರು. ರಸ್ತೆಯ ಆಚೆಗಿದ್ದವರಿಗೆ ಕಂಡದ್ದು ಇಷ್ಟೇ: ಗಂಟು ಹೊತ್ತ ಒಬ್ಬ ಕರಿಯ, ಅವನನ್ನು ಬಡಿಯುತ್ತಿರುವ ಜನ.

"ಕಳ್ಳ ಸಿಕ್ದ ಕಣ್ರೋ!"

"ಗಂಟ್ ನೋಡು, ಗಂಟು! ಹಾಕ್ರೋ ನಾಲ್ಕು!"

ಮೊದಲು ಓಡಿ ಬಂದವನು ವೀರೇಶ. ಕೊಪ್ಪಳದ ಕಡೆಯವನು, ಮನೆಮನೆಗೆ ಊಟ ತಲುಪಿಸುವ ಕೆಲಸ. "ಬಿಡಬ್ಯಾಡ್ರೀ ಇವನ್ನ!" ಎನ್ನುತ್ತ ಕೈಯಲ್ಲಿದ್ದ ಹೆಲ್ಮೆಟ್ಟಿನಿಂದಲೇ ಕಿವಿಯ ಮೇಲೆ ಬಡಿದು, ಗಂಟಿಗೆ ಕೈ ಹಾಕಿದ. ಆ ಏಟನ್ನು ಕಿಜಿಟೊ ಆಟದ ಭಾಗವೆಂದೇ ತಿಳಿದು ತಲೆ ಬಗ್ಗಿಸಿದ. ಎರಡನೆಯದು ಬಾಯಿಗೆ ಬಿತ್ತು. ಹಲ್ಲೊಂದು ಮುರಿದು ನಾಲಗೆಗೆ ಚುಚ್ಚಿತು, ರಕ್ತ ಗಂಟಿನ ಮೇಲೆ ಸುರಿಯಿತು. ವೀರೇಶ ಅದನ್ನು ಕಿತ್ತುಕೊಂಡ. ಯಾರೋ ಕಬ್ಬಿನ ಗಾಡಿಯಿಂದ ಜಲ್ಲೆ ಎಳೆದು ತಂದರು. ಮೊಣಕಾಲಿಗೆ ಒದ್ದರು, ಬಿದ್ದವನ ಪಕ್ಕೆಯನ್ನು ತುಳಿದರು. "ಡ್ರಾಮಾ ಕಣ್ರೀ! ಡ್ರಾಮಾ!" ಎಂದು ಸೈನಿಕ ಹುಡುಗರು ಕಿರುಚಿದರು. ಗುಂಪಿನವರು ಅವರ ಕೈಯಿಂದಲೇ ಚಾವಟಿ ಕಿತ್ತು ಕಿಜಿಟೊನಿಗೆ ಬಾರಿಸಿದರು. ರಟ್ಟಿನ ಶಿರಸ್ತ್ರಾಣ ಬಿಸಾಡಿ ಹುಡುಗರು ಗಲ್ಲಿಗೆ ಓಡಿದರು.

ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸು ಕಾಲ ಬಂತೆಂದರೆ ಪ್ರಭುವಿನ ಐದು ಗಾಯಗಳ ಮೇಲೆ ಹಾಡು ಹೇಳುವವರು ಚರ್ಚಿನ ಜನ. ರಕ್ತದ ವಾಸನೆ ಎಂಥದೆಂದು ಹಾಡಿನಲ್ಲಿ ಇರುವುದಿಲ್ಲ.

ಇನ್ನಾಸಪ್ಪ ಶಿಲುಬೆ ಕೆಡವಿ, ಬಸ್ಸಿನ ಮುಂದಿನಿಂದ ಅಂಬೆಗಾಲಿಟ್ಟು ನುಗ್ಗಿ, ಕಿಜಿಟೊನ ಮೇಲೆ ಅಡ್ಡ ಬಿದ್ದ. ಜಲ್ಲೆ ಅವನ ಹೆಗಲಿಗೆ ಬಿತ್ತು. ಮೂಳೆ ಲಟಕ್ಕೆಂದದ್ದು ಪಕ್ಕದವರಿಗೂ ಕೇಳಿಸಿತು.

"ಅಯ್ಯೋ ಅವ್ವಾ!" ಎಂದು ಇನ್ನಾಸಪ್ಪ ಕೂಗಿದ.

ಮತ್ತೆ ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಮುಳ್ಳಿನ ಕಿರೀಟ, ಉದ್ದ ಕೂದಲು, ಗಡ್ಡ. ಕ್ಯಾಲೆಂಡರಿನಲ್ಲಿ ಎಲ್ಲರೂ ಕಂಡಿದ್ದ ಮುಖ ಧೂಳಿನಿಂದ ಅವರನ್ನೇ ನೋಡುತ್ತಿತ್ತು. ಬಸ್ಸು ಮುಂದೆ ಸರಿಯಿತು. ಹಿಂದೆ ಶಿಲುಬೆ ಬಿದ್ದಿತ್ತು. ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು.

ಜ್ಞಾನಮ್ಮ ಓಡಿ ಬಂದು ಸೆರಗಿನಿಂದ ಕಿಜಿಟೊನ ಬಾಯಿ ಒರೆಸಹೋದಳು. ಅವನು ಕೈ ತಳ್ಳಿ ಎದ್ದ.

"ಮನೆಗೆ ಹೋಗ್ತೀನಿ."

"ನಡಿಯಪ್ಪಾ, ಹೋಗಣ. ಮಲಗೀವಂತೆ."

"ಆ ರೂಮ್ ಅಲ್ಲ. ನನ್ನ ಮನೆ. ನನ್ನ ದೇಶ. ಇಲ್ಲಿ ಸಾಕು."

ಕುಂಟುತ್ತ ರಸ್ತೆಯ ಅಂಚಿಗೆ ಹೋದ. ಬೆನ್ನ ಹಿಂದೆ ಪಾದ್ರಿಗಳ ದನಿ ಕೇಳಿತು. "ಇನ್ನಾಸಪ್ಪಾ, ಬಿಡು. ಇಲ್ಲಿಗೇ ಮುಗಿಸೋಣ, ಆಸ್ಪತ್ರೆಗೆ ನಡಿ."

"ಅರ್ಧ ದಾರೀಲಿ ಬಿಟ್ ಹೋಗಕ್ಕಾಗಲ್ಲ ಫಾದರ್. ಆಸ್ಪತ್ರೆ ಆಮೇಲೆ."

ದೊಪ್ಪನೆ ಸದ್ದಾಯಿತು. ಕಿಜಿಟೊ ತಿರುಗಿ ನೋಡಿದ. ಒಂದೇ ಕೈಯಲ್ಲಿ ಶಿಲುಬೆ ಎತ್ತಹೋಗಿ ಇನ್ನಾಸಪ್ಪ ಮತ್ತೆ ಬಿದ್ದಿದ್ದ. ಇನ್ನೊಂದು ತೋಳು ಜೋತಾಡುತ್ತಿತ್ತು. ಹೀಗೆ ಬೀಳುವುದು ಆಟದಲ್ಲಿ ಇರಲಿಲ್ಲ.

ಕಿಜಿಟೊ ಹಿಂದಿರುಗಿದ. ಸಿಟ್ಟು ಇಳಿದಿರಲಿಲ್ಲ.

"ನೀನ್ ಹೋಗಪ್ಪಾ. ಪಟ್ಟಿದ್ದು ಸಾಕು" ಎಂದ ಇನ್ನಾಸಪ್ಪ.

"ಇದು ಡ್ರಾಮಾ ಅಲ್ಲ" ಎಂದ ಕಿಜಿಟೊ.

"ಅಲ್ಲ ಕಣಪ್ಪಾ. ಅಲ್ಲ."

ಕಿಜಿಟೊ ರಕ್ತ ಉಗುಳಿ, ಬಗ್ಗಿ, ಶಿಲುಬೆಗೆ ಹೆಗಲು ಕೊಟ್ಟ. ಈ ಸಲ ಅವನನ್ನು ಯಾರೂ ಎಳೆದಿರಲಿಲ್ಲ. ಇನ್ನಾಸಪ್ಪ ಅವನ ಸೊಂಟದ ಪಟ್ಟಿ ಹಿಡಿದು ಪಕ್ಕದಲ್ಲಿ ನಡೆದ. ಉಳಿದ ಸ್ಥಳಗಳನ್ನು ಹಾಗೆಯೇ ಮುಗಿಸಿದರು. ಹಾಡಲು ಬಾಯಿ ತೆರೆದವರು ಕಡಿಮೆ. ಎಲ್ಲರಿಗಿಂತ ಹಿಂದೆ ವೀರೇಶ ಬೈಕು ತಳ್ಳಿಕೊಂಡು ಬರುತ್ತಿದ್ದ. ಫೋನು ಕೂಗಿ ಕೂಗಿ ಸುಮ್ಮನಾಯಿತು, ಅವನು ಎತ್ತಲಿಲ್ಲ.

ಚರ್ಚಿನ ಅಂಗಳದಲ್ಲಿ ಇನ್ನಾಸಪ್ಪನನ್ನು ಆಟೋ ಹತ್ತಿಸಿದರು. "ನೀನೂ ಹತ್ತೋ" ಎಂದರೆ ಕಿಜಿಟೊ ಮೆಟ್ಟಿಲ ಮೇಲೆ ಕೂತುಬಿಟ್ಟ. ಜ್ಞಾನಮ್ಮ ಗಂಜಿಯನ್ನು ಆರಿಸಿ, ಒಂದೊಂದೇ ಚಮಚ ಅವನ ಬಾಯಿಗೆ ಇಡತೊಡಗಿದಳು. ಈ ಸಲ ಅವನು ಅವಳ ಕೈ ತಳ್ಳಲಿಲ್ಲ.

ವೀರೇಶ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ಕಂಕುಳಲ್ಲಿದ್ದ ಗಂಟನ್ನು ಎರಡು ಕೈಯಲ್ಲಿ ಹಿಡಿದು, ಬಗ್ಗಿ, ಕಿಜಿಟೊನ ಮಡಿಲಲ್ಲಿ ಇಟ್ಟ. ಸೀರೆಯ ತುಂಡಿಗೆ ರಕ್ತ ಅಂಟಿ ಒಣಗಿತ್ತು. ಜ್ಞಾನಮ್ಮ ಬಿಗಿದ ಕಟ್ಟು ಬಿಚ್ಚಿರಲಿಲ್ಲ.